ನೀಲವ್ವ ಮತ್ತೆ ಒಲೆ ಹಚ್ಚಿದಳು

ನಾಟಕ ಕಂಪನಿಯ ಮಾಲಕ ಭರಮಪ್ಪ ಚಂದ್ರವ್ವನ ಖಾನಾವಳಿಯ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಕಂಡದ್ದೇ ಅವಳ ಮೈಯೆಲ್ಲ ಉರಿಯಿತು. ಆ ಮುಖ ಕಾಣದೆ ಇಷ್ಟು ವರ್ಷ ಬೆಳಗಾವಿಯ ಖಾಸಬಾಗದಲ್ಲಿ ಅವಳು ನೆಮ್ಮದಿಯಾಗಿದ್ದಳು. ಮಾಲಕರ ಬೆನ್ನ ಹಿಂದೆ, ಬಗಲಲ್ಲಿ ಹಾಳೆಗಳ ಕಟ್ಟು ಇಟ್ಟುಕೊಂಡು, ನಾಟಕ ಬರೆಯುವ ಕವಿ ಗುರುಪುತ್ರಪ್ಪ ತಲೆ ತಗ್ಗಿಸಿ ನಿಂತಿದ್ದ.

“ಅಡಗಿ ತೀರೇತ್ರಿ,” ಎಂದಳು. ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು.

“ಉಣ್ಣಾಕ ಬಂದಿಲ್ಲ ಚಂದ್ರವ್ವ, ನಿನ್ನ ಕರಿಯಾಕ ಬಂದೀವಿ,” ಎಂದು ಮಾಲಕರು ಅವಳು ಕೂರೆನ್ನುವ ಮೊದಲೇ ಬೆಂಚಿನ ಮೇಲೆ ಕುಳಿತರು.

ಕರೆಯಲು ಬಂದರಂತೆ! ಎಪ್ಪತ್ತಾರರಲ್ಲಿ ಖಾನಾಪುರದ ಕ್ಯಾಂಪಿನಲ್ಲಿ ಈ ಕಂಪನಿ ‘ಚುಕ್ಕಿಯಿಂದ ಬಂದಾಂವ’ ಎಂಬ ನಾಟಕ ಆಡಿತ್ತು. ಕಥೆ ಇಷ್ಟೇ. ಬೀಡಿ ಎಂಬ ಊರಿನ ವಿಧವೆ ನೀಲವ್ವನ ಹಿತ್ತಲಿಗೆ ಬೇರೆ ಲೋಕದವನೊಬ್ಬ ಮೇಲಿನಿಂದ ಬಂದು ಬೀಳುತ್ತಾನೆ. ಮೈ ನೀಲಿ, ಮಾತು ಬಾರದು. ಊರವರು ಬಡಿಗೆ ಹಿಡಿದು ಬಂದರೆ ನೀಲವ್ವ ಅವನನ್ನು ಅಡುಗೆಮನೆಯಲ್ಲಿ ಮುಚ್ಚಿಟ್ಟು ರೊಟ್ಟಿ ಹಾಕುತ್ತಾಳೆ. ಒಂದು ಪರದೆ, ಒಂದು ಒಲೆ, ನಾಲ್ಕು ಜನ ನಟರು. ಮೈಗೆ ನೀಲಿ ಬಳಿದುಕೊಂಡು ಬೀರಣ್ಣ ಕೂತರೆ, ಚಂದ್ರವ್ವ ನೀಲವ್ವನಾಗಿ ರೊಟ್ಟಿ ಬಡಿಯುತ್ತಿದ್ದಳು. ಸುತ್ತಲಿನ ಹಳ್ಳಿಯವರು ಚಕ್ಕಡಿ ಹೂಡಿಕೊಂಡು ಬಂದು ನೋಡಿದರು. ಸಂತೆಯಲ್ಲಿ ಕಾಯಿಪಲ್ಲೆಯವರೂ ಅವಳನ್ನು ‘ನೀಲವ್ವಾ’ ಎಂದೇ ಕೂಗುತ್ತಿದ್ದರು.

ಜನ ಸೇರಿದ್ದು ನೋಡಿ ಮಾಲಕರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡನೆಯ ಭಾಗದಲ್ಲಿ ನೀಲಿ ಮೈಯವರ ದಂಡೇ ಇಳಿಯಿತು. ಮೂರನೆಯದರಲ್ಲಿ ಗ್ರಹಗ್ರಹಗಳಿಗೆ ಯುದ್ಧ, ತಗಡಿನ ರಾಕೆಟ್ಟು, ಅದರ ಸುತ್ತ ಕುಣಿಯುವ ಹುಡುಗಿಯರು. ಅಷ್ಟು ದೊಡ್ಡ ಆಕಾಶದಲ್ಲಿ ಒಂದು ಒಲೆಗೆ ಜಾಗ ಸಿಗಲಿಲ್ಲ. ಎರಡನೆಯ ಭಾಗ ಶುರುವಾಗುವ ಮೊದಲೇ ನೀಲವ್ವನನ್ನು ಸಾಯಿಸಿದ್ದರು. ಸಾಯುವ ಪ್ರವೇಶವನ್ನಾದರೂ ಕೊಟ್ಟರೇ? ಅದೂ ಇಲ್ಲ. ಗೋಡೆಗೆ ಒಂದು ಫೋಟೊ, ಫೋಟೊಕ್ಕೆ ಒಂದು ಹಾರ, ಮುಗಿಯಿತು. ಫೋಟೊ ಚಂದ್ರವ್ವನದೇ. ಬದುಕಿರುವ ಹೆಂಗಸಿನ ಫೋಟೊಕ್ಕೆ ಹಾರ!

ಆಗ ಜ್ವರ ಬಂದು ಬೆಳಗಾವಿಯಲ್ಲಿ ಮಲಗಿದ್ದ ಅವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಮಗಳ ಹೊಸ ನಾಟಕ ನೋಡಬೇಕೆಂದು ತನ್ನೂರು ಬೀಡಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿ ಶಿವಲಿಂಗವ್ವ, ಪರದೆ ಎದ್ದೊಡನೆ ಆ ಹಾರ ಕಂಡು, “ನನ್ನ ಮಗಳಿಗೇನಾತ್ರೋ ಯಪ್ಪಾ” ಎಂದು ಎದೆ ಬಡಿದುಕೊಂಡು ಅತ್ತಳು. ಜನ ಅದೂ ನಾಟಕವೇ ಎಂದು ತಿಳಿದು ನಕ್ಕರು, ಸಿಳ್ಳೆ ಹೊಡೆದರು. ಸುದ್ದಿ ಕಿವಿಗೆ ಬಿದ್ದ ದಿನವೇ ಚಂದ್ರವ್ವ ಕಂಪನಿ ಬಿಟ್ಟಳು.

ಆಮೇಲೇನಾಯಿತು? ರಾಕೆಟ್ಟು ಹಗ್ಗದಲ್ಲಿ ಸಿಕ್ಕಿಕೊಂಡು ಬೀರಣ್ಣ ನಡು ಆಕಾಶದಲ್ಲಿ ಜೋತಾಡಿದ. ಜನ ನಕ್ಕು ಎದ್ದುಹೋದವರು ಮತ್ತೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ನಾಕನೇ ಭಾಗ ಸಣ್ಣದ ಮಾಡೂಣು ಅಂತ,” ಎಂದರು ಮಾಲಕರು. “ರಾಕೆಟ್ ಇಲ್ಲ, ದಂಡಿಲ್ಲ. ಮದಲಿನಂಗ ಒಂದ ಮನಿ. ಓದ್ರಿ, ಕವಿಗಳೆ.”

ಗುರುಪುತ್ರಪ್ಪ ಪಕ್ಕದಲ್ಲಿ ಕುಳಿತು ಓದಿದ. ಯುದ್ಧದಿಂದ ತಪ್ಪಿಸಿಕೊಂಡ ಚುಕ್ಕಿಯವನು ಹಸಿದು ಅದೇ ಹಿತ್ತಲಿಗೆ ಬರುತ್ತಾನೆ. ಮಾತು ಕಲಿತಿದ್ದಾನೆ, ಆದರೆ ಹಸಿವಾಗಿದೆ ಎನ್ನಲು ಅವನಿಗೆ ನಾಚಿಕೆ. ಕೇಳುತ್ತ ಚಂದ್ರವ್ವ ಒಲೆಯ ಉರಿ ತಗ್ಗಿಸಿದಳು. ಇಷ್ಟು ಚಂದ ಬರೆಯಬಲ್ಲ ಮನುಷ್ಯ ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದ? ಆ ಪಾತ್ರ ತನಗೇ ಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಇದರಾಗ ನಾ ಯಾರ್ರಿ?”

“ನೀಲವ್ವನ ಅವಳಿ-ಜವಳಿ ತಂಗಿ,” ಎಂದರು ಮಾಲಕರು. “ನೀಲವ್ವ ಸತ್ತಾಳಲ್ಲ.”

ಚಂದ್ರವ್ವ ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು. “ನನ್ನ ಕೊಂದು, ನನ್ನ ಜಾಗಾಕ್ಕ ನನ್ನ ತಂಗೀನ ತರಾಕ ಬಂದೀರೇನು? ನಾಚಿಕಿ ಬರೂದಿಲ್ಲ ನಿಮಗ?”

“ಹಂಗಲ್ಲಬೇ,” ಎಂದ ಗುರುಪುತ್ರಪ್ಪ. “ಸತ್ತಿದ್ದು ಕನಸು ಅನ್ನೂಣೇನು? ಇಲ್ಲಾ ಚುಕ್ಕಿಯಾಂವ ಏನರ ಔಷಧ ಕೊಟ್ಟಾ ಅಂತ...”

“ಏನೂ ಅನಬ್ಯಾಡ್ರಿ. ಪರದೆ ಏಳತೈತಿ, ನಾ ಒಲಿ ಮುಂದ ಕುಂತಿರ್ತೀನಿ. ನಾ ನೀಲವ್ವ. ಅಷ್ಟ.”

“ಜನ ಕೇಳಿದ್ರ?”

“ಕೇಳ್ಲಿ. ನಾ ಹೇಳ್ತೀನಿ.”

ಮಾಲಕರ ಮೂಗು ಕೆಂಪಾಯಿತು. “ಭಾಳ ಆತ ನಿಂದು. ಕಾಂತಾನ್ನ ಹಾಕ್ತೀನಿ ನೋಡು. ಸಣ್ಣ ಹುಡುಗಿ, ಹೇಳಿದಂಗ ಕೇಳ್ತಾಳ.”

“ಹಾಕ್ರಿ. ಆಕಿ ಫೋಟೊಕ್ಕ ಹಾರ ಯಾವಾಗ ಹಾಕ್ತೀರಿ, ಅದನ್ನೂ ಈಗ ಹೇಳಿಬಿಡ್ರಿ. ಆಕಿ ಅವ್ವಗ ಮದಲ ತಿಳಿಸಿದ್ರ ಚಲೋ.”

ಮಾಲಕರು ಎದ್ದರು. ಕವಿ ಏಳಲಿಲ್ಲ. ಹಾಳೆಗಳನ್ನು ಕಟ್ಟಿ ತೊಡೆಯ ಮೇಲಿಟ್ಟುಕೊಂಡು, “ಆಕಿ ಇಲ್ಲಂದ್ರ ಇದನ್ನ ನಾನೂ ಕೊಡೂದಿಲ್ರಿ,” ಎಂದ. ಅವನ ಬಾಯಲ್ಲಿ ಮಾಲಕರಿಗೆ ಎದುರುತ್ತರ ಬಂದದ್ದು ಅದೇ ಮೊದಲು. ಭರಮಪ್ಪ ಇಬ್ಬರನ್ನೂ ಬೈದು, ಕಂಪನಿಯ ಹಣೆಬರಹವನ್ನೂ ಬೈದು, ಕೊನೆಗೆ ಒಪ್ಪಿಕೊಂಡರು.

ಎಂಬತ್ನಾಲ್ಕರ ಮಾಘದಲ್ಲಿ, ಒಂದು ರವಿವಾರ ಮಧ್ಯಾಹ್ನ, ಖಾನಾಪುರದಲ್ಲಿ ಪರದೆ ಎದ್ದಿತು. ಈ ಸಲ ರಾಕೆಟ್ಟಿಲ್ಲವಂತೆ ಎಂಬ ಸುದ್ದಿ ಹಬ್ಬಿ ಥಿಯೇಟರ್ ತುಂಬಿತ್ತು. ಒಲೆಯ ಮುಂದೆ ಚಂದ್ರವ್ವ, ಮೂಲೆಯಲ್ಲಿ ನೀಲಿ ಬಳಿದುಕೊಂಡ ಬೀರಣ್ಣ. ಜನರಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಭಾರಿ ಆಸಾಮಿಯೊಬ್ಬ ಎದ್ದು ನಿಂತು ಕೂಗಿದ.

“ಏ ನೀಲವ್ವಾ, ನೀ ಸತ್ತಿದ್ದೆಲ್ಲಬೇ!”

ಹಿಂದಿನಿಂದ ಮತ್ತೊಬ್ಬ ಮರಾಠಿಯಲ್ಲಿ ಅದನ್ನೇ ಕೂಗಿದ. ನಗೆ ಎದ್ದಿತು, ಸಿಳ್ಳೆ ಬಿದ್ದವು. ಹಾರ್ಮೋನಿಯಂ ನಿಂತುಹೋಯಿತು. “ತಂಗಿ ಅನ್ನು, ತಂಗಿ ಅನ್ನು,” ಎಂದು ಪರದೆಯ ಮರೆಯಿಂದ ಮಾಲಕರು ಹಲ್ಲು ಕಚ್ಚಿ ಹೇಳುತ್ತಿದ್ದರು.

ಚಂದ್ರವ್ವ ಕೈಗೆ ಮೆತ್ತಿದ್ದ ಹಿಟ್ಟು ಉದುರಿಸಿಕೊಂಡು ಎದ್ದಳು. ರಂಗದ ಅಂಚಿನವರೆಗೂ ನಡೆದು ಬಂದಳು. ಕೂಗಿದವನ ಕಡೆಗೇ ತಿರುಗಿದಳು.

“ಸತ್ತಿದ್ದೆ, ಖರೇ ಐತಿ. ಇವರು ಕೊಂದ್ರು. ನೀವು ತಿಕೀಟ ತಗೊಂಡ ಕುಂತ ನೋಡಿದ್ರಿ.”

ಸಿಳ್ಳೆ ನಿಂತವು. ಎದ್ದು ನಿಂತಿದ್ದವನು ಆಚೀಚೆ ನೋಡಿದ. ಅವನ ಜೊತೆ ನಗಲು ಯಾರೂ ಉಳಿದಿರಲಿಲ್ಲ.

“ಕುಂದರ್ರಿ ಸುಮ್ಮ. ನನ್ನ ಮನ್ಯಾಗ ಹಸದಾಂವ ಒಬ್ಬ ಅದಾನ,” ಎಂದಳು ಚಂದ್ರವ್ವ. ಅವನು ಕುಳಿತುಕೊಳ್ಳುವವರೆಗೂ ಕಣ್ಣು ಕೀಳದೆ ನೋಡಿ, ಹಿಂದಿರುಗಿ ಹೋಗಿ ರೊಟ್ಟಿ ಬಡಿಯತೊಡಗಿದಳು.