ಗಡಿಗೆ ಬಿಟ್ಟ ಗಾಡಿ

ನಮ್ಮೂರು ಗಡಿ ಊರು. ರಾಣೇಬೆನ್ನೂರು ತಾಲೂಕಿನ ತುದಿಗೆ, ತುಂಗಭದ್ರೆಯ ದಂಡೆಗಿದೆ. ಹಿಂದೆ ಮುಂಬಯಿ ಸೀಮೆ ಇಲ್ಲಿಗೆ ಮುಗಿಯುತ್ತಿತ್ತು, ಹೊಳೆಯಾಚೆ ಮೈಸೂರು ಸೀಮೆ. ಕದ್ದ ದನ, ಕಳ್ಳಭಟ್ಟಿ, ಹೆಸರು ಕೆಡಿಸಿಕೊಂಡ ಅಳಿಯ, ಬೇಡಾದದ್ದನ್ನೆಲ್ಲ ಊರು ಹೊಳೆ ದಾಟಿಸಿ ಕೈ ತೊಳೆದುಕೊಳ್ಳುತ್ತಿತ್ತು. ಎರಡೂ ಸೀಮೆ ಒಂದಾದವು. ಊರಿನ ಚಾಳಿ ಹೋಗಲಿಲ್ಲ.

ಹತ್ತಿ ಮಿಲ್ಲಿನ ಕಂಪೌಂಡಿನ ಹೊರಗೆ ಅಲ್ಲಿಯೇ ದುಡಿಯುವವರ ಗುಡಿಸಲುಗಳಿವೆ. ಮಿಲ್ಲಿನ ಮಾಲೀಕ ಕೊಟ್ರಪ್ಪನೇ ಮಂಡಲ ಪಂಚಾಯ್ತಿಯ ಪ್ರಧಾನ. ಓಟು ಕೇಳುವಾಗ ಅವನಿಗೆ ಗುಡಿಸಲುಗಳೂ ಊರೇ ಆಗಿದ್ದವು. ಊರಿಗೆ ನಳ ಬಂದಾಗ ಪೈಪು ಕಂಪೌಂಡಿಗೇ ನಿಂತಿತು. ಕೇಳಲು ಹೋದ ಗುಡಿಸಲಿನ ಉಚ್ಚಂಗೆವ್ವನಿಗೆ ಅವನು ಮನೆಯ ಕಟ್ಟೆಯಿಂದ ಇಳಿಯದೆ ಹೇಳಿದ:

"ಊರಿನ ಗಡಿ ಕಂಪೌಂಡಿಗೇ ಮುಗೀತೈತಿ. ಅದರಾಚೆ ನಂದೇನೂ ನಡಿಯೂದಿಲ್ಲ."

ಗುಡಿಸಲಿನವರು ಹಳ್ಳದ ನೀರೇ ಕುಡಿದರು. ಎಂಬತ್ತೆಂಟರ ಮಳೆಗಾಲಕ್ಕೆ ವಾಂತಿಭೇದಿ ಶುರುವಾಯಿತು. ಉಚ್ಚಂಗೆವ್ವನ ಸೊಸೆ ಶೇಖವ್ವ ಮುಂಜಾನೆ ಮಿಲ್ಲಿಗೆ ಹೋಗಿದ್ದವಳು ಮರುದಿನ ಮಣ್ಣಾದಳು. ಕೊಟ್ರಪ್ಪ ಅವಳ ಜಾಗಕ್ಕೆ ಬೇರೆಯವಳನ್ನು ಹಚ್ಚಿಕೊಂಡ, ಅಷ್ಟೇ.

ಬೇನೆ ಕಂಪೌಂಡು ದಾಟಿ ಒಳಗೆ ಬಂದಾಗ ಮಾತ್ರ ಊರ ಹಿರಿಯರಿಗೆ ಎಚ್ಚರವಾಯಿತು. ಬೇನೆಯ ದೇವಿಯನ್ನು ಪುಟ್ಟ ಕಟ್ಟಿಗೆ ಗಾಡಿಯಲ್ಲಿ ಕೂರಿಸಿ, ಮೊರ, ಕಸಬರಿಗೆ, ಬೇವು ಇಟ್ಟು, ಹಲಗೆ ಬಡಿಯುತ್ತ ಗಡಿಗೆ ಬಿಟ್ಟುಬರುವುದು ನಮ್ಮಲ್ಲಿ ಪದ್ಧತಿ. ಬಿಟ್ಟವರು ಹೊರಳಿ ನೋಡಬಾರದು. ಬಿಟ್ಟ ಗಾಡಿಯನ್ನು ಊರವರು ಮತ್ತೆ ಮುಟ್ಟಬಾರದು. ಮೊದಲೆಲ್ಲ ಹೊಳೆಯ ದಂಡೆಗೆ ಬಿಡುತ್ತಿದ್ದರು. ಈ ಸಲ ಕೊಟ್ರಪ್ಪ, ಗಡಿ ಇಲ್ಲೇ ಇದೆಯಲ್ಲ ಎಂದು ಗಾಡಿಯನ್ನು ಗುಡಿಸಲುಗಳ ಮುಂದೆ ಬಿಡಿಸಿದ. ಶೇಖವ್ವನ ದಿನಕರ್ಮ ಇನ್ನೂ ಮುಗಿದಿರಲಿಲ್ಲ. ಥೂ, ನಾಚಿಕೆಗೆಟ್ಟ ಜನ.

ಗಾಡಿ ಬಿಟ್ಟವರು ಬೆನ್ನು ತಿರುಗಿಸಿ ನಡೆದರು. ಉಚ್ಚಂಗೆವ್ವ ಸೆರಗು ಬಿಗಿದು ಗಾಡಿಯ ಹಗ್ಗ ಹಿಡಿದಳು. ಹುಸೇನಬಿ, ಚೌಡವ್ವ, ಮಿಲ್ಲಿನ ಹೆಂಗಸರೆಲ್ಲ ಹಿಂದಿನಿಂದ ನೂಕಿದರು. ಮುಂದೆ ಹೋಗುತ್ತಿದ್ದವರಿಗೆ ಗಾಲಿಯ ಸದ್ದು ಕೇಳುತ್ತಿತ್ತು, ಹೊರಳಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊಟ್ರಪ್ಪ ತನ್ನ ಮನೆಯ ಕಟ್ಟೆ ಹತ್ತಿ ತಿರುಗಿದಾಗ ದೇವಿ ಅವನ ಬಾಗಿಲಿಗೆ ಬಂದಿದ್ದಳು.

"ಏನಿದು ಹುಚ್ಚಾಟ? ಇದನ್ನ ತಗೀರಿ ಮೊದಲ," ಎಂದ.

"ನಾವು ನಿಮ್ಮ ಊರಿನವರಲ್ಲಂದ್ರಿ," ಉಚ್ಚಂಗೆವ್ವ ಹೇಳಿದಳು. "ನಿಮ್ಮೂರ ದೇವಿನ್ನ ನಾವ್ಯಾಕ ಇಟ್ಕೊಳ್ಳೂಣ್ರಿ? ನಮ್ಮ ಓಣಿಗೆ ನಳ ಬರೂತನಕ ಈಕಿ ಇಲ್ಲೇ ಕುಂದರ್ತಾಳ. ನಾಳಿಂದ ಮಿಲ್ಲಿಗೂ ನಾವ್ಯಾರೂ ಬರೂದಿಲ್ಲ. ಮಿಲ್ಲು ಗಡಿ ಒಳಗೈತಿ. ನಾವು ಹೊರಗಿನವ್ರು."

ಕೊಟ್ರಪ್ಪ ಆಳುಗಳನ್ನು ಕೂಗಿದ. ಹಿರಿಯರನ್ನು ಕೂಗಿದ. ಬಿಟ್ಟ ಗಾಡಿಯನ್ನು ಮುಟ್ಟಲು ಊರಿನ ಒಬ್ಬನೂ ಬರಲಿಲ್ಲ.

ಹೆಂಗಸರು ತಮ್ಮ ಗುಡಿಸಲುಗಳ ಕಡೆ ನಡೆದರು. ಅವರೂ ಹೊರಳಿ ನೋಡಲಿಲ್ಲ.