ಗಾಡಿಯೋ ಕಾಲೋ

ನಾವುಂದದ ಹತ್ತಿರ ಹೆದ್ದಾರಿ ದಾಟಲು ಚಂದಯ್ಯ ಆಕ್ಸಿಲರೇಟರ್ ಒತ್ತಿದ. ದೊಡ್ಡ ಗಾಡಿ ಒಂದು ಕ್ಷಣ ತೆವಳಿತು. ಎದುರಿನ ಬಸ್ಸು ಬ್ರೇಕ್ ಹಾಕಿ, ಹಾರ್ನ್ ಬಾರಿಸುತ್ತ ಸವರಿಕೊಂಡಂತೆ ಹೋಯಿತು. ಗಾಡಿ ಮುಂದಕ್ಕೆ ಜಿಗಿದದ್ದು ಆಮೇಲೆ.

ಹಿಂದೆ ಕೂತಿದ್ದ ಮಾಲೀಕ ಲೀಲಾಧರ ಶೆಟ್ಟರು ಮನೆಯಂಗಳದಲ್ಲಿ ಇಳಿದ ಮೇಲೆ ಹೇಳಿದರು. “ಚಂದಯ್ಯಣ್ಣ, ನಾನ್ ಓಡ್ಸಿರೆ ಗಾಡಿ ಸಮಾ ಹೋತ್ತ್. ನಿಮ್ಗೆ ಸಕ್ಕರೆ ಕಾಯ್ಲೆ ಬೇರೆ, ಅದ್ರಲ್ಲಿ ಕಾಲ್ ಮರಗಟ್ಟತ್ತ್ ಅಂಬ್ರ್. ನಾಳೆ ಒಂದಿನ ಕಾಂಬ. ಆತಿಲ್ಲೆ ಅಂದ್ರೆ ಬೇರೆ ಡ್ರೈವರ್ ಹುಡ್ಕುದೇ.”

ಆ ಮನೆಯಲ್ಲೇ ಅಡುಗೆ ಕೆಲಸಕ್ಕಿದ್ದ ಚಂದಯ್ಯನ ಹೆಂಡತಿ ರಾಜೀವಿಗೆ ಅದು ಕೇಳಿಸಿತು. ಕೆಲಸ ಮುಗಿಸಿ ಇಬ್ಬರೂ ತಮ್ಮ ಮನೆಯತ್ತ ನಡೆದರು. ಚಂದಯ್ಯ ಲೀಲಾಧರರ ತಂದೆ ದೊಡ್ಡ ಶೆಟ್ಟರ ಕಾಲದಿಂದ ಅಂಬಾಸಿಡರ್ ಓಡಿಸಿದವನು; ಈ ದೊಡ್ಡ ಗಾಡಿ ಬಂದದ್ದು ಈಚೆಗೆ.

“ಗಾಡಿ ಜಡವಾ, ನನ್ ಕಾಲ್ ಜಡವಾ, ನಂಗೇ ಗೊತ್ತಾತಿಲ್ಲೆ ಮಾರಾಯ್ತಿ.”

“ಕಾಲ್ ನಿಮ್ದೇ ಅಲ್ದಾ?”

“ನಂದೇ. ಆದ್ರೂ ಕೇಂಡ್ರೆ ಹೇಳ್ತಿಲ್ಲೆ.”

ಮರುದಿನ ಅವನು ಗಾಡಿಯನ್ನು ಗ್ಯಾರೇಜಿಗೆ ಒಯ್ದ. ರಾಜೀವಿಯೂ ಹೊರಟಳು. ಮೆಕ್ಯಾನಿಕ್ ಸುಧಾಕರ ಪಕ್ಕದಲ್ಲಿ ಕೂತು ಮರವಂತೆಯವರೆಗೆ ಅವನು ಓಡಿಸುವುದನ್ನು ನೋಡುತ್ತ ಬಂದ.

“ಟಾಪ್ ಗೇರಿಗೆ ಎಂತ ಅಷ್ಟ್ ಅರ್ಜೆಂಟ್ ಮರ್ರೆ? ಎಮ್ಮಿ ನಡ್ದಂಗೆ ಹೋಪತಿಗೂ ಟಾಪಾ?”

“ಡೀಸೆಲ್ ಉಳಿತ್ತಲೆ. ದೊಡ್ ಶೆಟ್ರ್ ಕಲ್ಸದ್ದೇ ಹಾಂಗೆ.”

“ಅದ್ ಅಂಬಾಸಿಡರಿಗೆ. ಇದ್ರ್ ಮೈ ಭಾರ. ಟರ್ಬೊ ಬೇರೆ, ಇಂಜಿನ್ ಜೋರ್ ತಿರ್ಗದ್ ಮೇಲೇ ಅದ್ಕೆ ಉಸ್ರ್ ಬಪ್ಪುದ್. ರೋಡ್ ದಾಟುವತಿಗೆ ಎರಡ್ನೇ ಗೇರಿಗೆ ಇಳ್ಸಿ, ಮತ್ತೆ ಒತ್ತಿ.”

ಚಂದಯ್ಯ ಹಾಗೇ ಮಾಡಿದ. ಗಾಡಿ ಒಮ್ಮೆಲೇ ಎಳೆಯಿತು. ರಾಜೀವಿ ಸೀಟು ಗಟ್ಟಿಯಾಗಿ ಹಿಡಿದುಕೊಂಡಳು.

“ಕಂಡ್ಯಾ? ತಪ್ಪ್ ಗಾಡಿದೇ, ಕಾಲಿಂದಲ್ಲ,” ಎಂದ ಅವನು.

ಸಂಜೆ ಶೆಟ್ಟರು ಮತ್ತೆ ಕೂತು ಅದೇ ಜಾಗದಲ್ಲಿ ಹೆದ್ದಾರಿ ದಾಟಿಸಿ ನೋಡಿದರು. “ಅಡ್ಡಿಲ್ಲೆ. ನಾಳೆ ಬೆಳಿಗ್ಗೆ ಏರ್‌ಪೋರ್ಟಿಗೆ ಹೋಯ್ಕ್,” ಎಂದು ಒಳಗೆ ಹೋದರು.

ಚಂದಯ್ಯ ಹಾಡು ಗುನುಗುತ್ತ ಕೈಕಾಲು ತೊಳೆಯಲು ನಲ್ಲಿಯತ್ತ ಹೋದ. ಬರಿಗಾಲಲ್ಲೇ ಓಡಿಸುವುದು ಅವನ ರೂಢಿ. ರಾಜೀವಿ ಗಾಡಿಯೊಳಗಿನ ಮರಳು ಕೊಡವಲು ಮ್ಯಾಟ್ ಎತ್ತಿದಳು. ಅದರ ಮೇಲೆ ಆಕ್ಸಿಲರೇಟರಿನ ಕೆಳಗೆ ಬರುವ ಜಾಗ ಒದ್ದೆಯಾಗಿತ್ತು. ಬೆರಳಿಗೆ ಕೆಂಪು ಅಂಟಿತು.

ಅವಳು ತಿರುಗಿ ನೋಡಿದಳು. ನಲ್ಲಿಯಡಿಗೆ ಎತ್ತಿ ಹಿಡಿದಿದ್ದ ಅವನ ಬಲಗಾಲಿನ ಅಂಗಾಲಲ್ಲಿ ಬಾಟ್ಲಿ ಚೂರೊಂದು ಹುಗಿದು ಹೊಳೆಯುತ್ತಿತ್ತು.

“ಹ್ವಾಯ್, ನೋಯ್ತಿಲ್ಯಾ?”

“ಎಂತದ್ದ್?” ಎಂದ ಚಂದಯ್ಯ, ನೀರು ಬಿಟ್ಟುಕೊಳ್ಳುತ್ತ.

ಒಳಗಿನಿಂದ ಶೆಟ್ಟರ ಹೆಜ್ಜೆ ಸದ್ದು ಹತ್ತಿರವಾಯಿತು. ರಾಜೀವಿ ಮ್ಯಾಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು, ರಕ್ತದ ಮಗ್ಗುಲನ್ನು ಮೇಲೆ ಹಾಕಬೇಕೋ ಕೆಳಗೋ ಎಂದು ತಿಳಿಯದೆ.