ಲಿಫ್ಟಿನೊಳಗೆ ಎರಡು ಲೋಟ

ಸ್ವಲ್ಪ ನಿಂತು ಇದನ್ನು ಕೇಳಿಬಿಡಿ. ವಾರದಲ್ಲಿ ಮೂರನೇ ಸಲ ಒಂದು ಕಟ್ಟಡದ ಲಿಫ್ಟ್ ಮಹಡಿಗಳ ನಡುವೆ ನಿಂತಿತ್ತು. ಒಳಗೆ ಐದನೇ ಮಹಡಿಯ ಒಂಟಿ ಮೇಷ್ಟ್ರು. ರಿಪೇರಿಯವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

"ಮೇಷ್ಟ್ರೇ, ಕೇಳಿಸ್ತಿದ್ಯಾ?"

ಅವಸರದಲ್ಲಿ ಬಾಗಿಲು ಮೀಟಿದ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು!

"ಸ್ಟಾಪ್ ಬಟನ್ ನೀವೇ ಒತ್ತಿದ್ರಾ? ನನ್ನ ಜೀವ ಬಾಯಿಗೆ ಬಂದಿತ್ತು!"

"ಸುಮ್ನೆ ಬಾರಪ್ಪಾ ಅಂದಿದ್ರೆ ಬರ್ತಿದ್ಯಾ? ಕೂತ್ಕೋ, ಆರಿಹೋಗುತ್ತೆ."

ಕೆಳಗಿನಿಂದ ಕಟ್ಟಡದ ಮಾಲೀಕರು ಗುಡುಗಿದರು: "ಮುದುಕನ ಆಟವಾದ್ರೆ ನಾಳೆಯಿಂದ ಆ ಮಂಡಿನೋವಲ್ಲೇ ಮೆಟ್ಟಿಲು ಹತ್ಲಿ! ನಿನ್ನ ರಿಪೇರಿ ಸರಿಯಿಲ್ಲಾಂದ್ರೆ ನೀನು ಮನೆಗೆ ಹೋಗು! ಎರಡರಲ್ಲಿ ಯಾವುದಯ್ಯಾ?"

ಮೇಷ್ಟ್ರು ಲೋಟ ಕೆಳಗಿಟ್ಟು ರಿಪೇರಿಯವನ ಮುಖ ನೋಡಿದರು.

"ನೋಡ್ತಿದ್ದೀನಿ ಸಾರ್, ಹತ್ತು ನಿಮಿಷ!" ಎಂದು ಕೂಗಿ, ರಿಪೇರಿಯವನು ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತ.

ಹತ್ತು ನಿಮಿಷದ ನಂತರ ನೀವಾಗಿದ್ದರೆ ಮಾಲೀಕರಿಗೆ ಏನು ಹೇಳುತ್ತಿದ್ದಿರಿ?